ಜ್ವರದ ಪುಸ್ತಕದಲ್ಲಿ ಕಂಪ್ಯೂಟರ್

ಬುಧವಾರ ಬೆಳಿಗ್ಗೆ ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಗ ಕೋಣೆಯಿಂದ ಮಗಳ ದನಿ ಬಂತು. "ಅಮ್ಮಾ, ಮತ್ತೆ ಹೋಯ್ತು."

ಹೋದದ್ದು ಕಂಪ್ಯೂಟರ್. ತಾನಾಗಿಯೇ ಆರಿ, 'ಟುಣ್' ಎಂದು, ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವಳು ಬರೆದದ್ದೆಲ್ಲ ಹೋಗಿರುತ್ತಿತ್ತು. ಶನಿವಾರ ಹತ್ತು ಗಂಟೆಗೆ ಅವಳಿಗೆ ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆ. ಮನೆಯಲ್ಲೇ ಕೂತು ಎರಡು ಗಂಟೆ ಬರೆಯಬೇಕು, ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು. ನಡುವೆ ಕಂಪ್ಯೂಟರ್ ಒಮ್ಮೆ ಆರಿದರೂ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮತ್ತೆ ಬರೆಯಲು ಒಂದು ವರ್ಷ ಕಾಯಬೇಕು.

"ನಿಮ್ಮ ತಾತನ ಚಾಳಿ ಅದಕ್ಕೆ," ಎಂದರು ಅತ್ತೆ ಮಂಚದ ಮೇಲಿಂದಲೇ. "ಮಾತಾಡ್ತಾ ಮಾತಾಡ್ತಾ ತೂಕಡಿಸೋರು. ಎಚ್ಚರ ಆದ್ರೆ ಮತ್ತೆ ಮೊದಲಿಂದ ಶುರು."

ಮಗಳು ನಕ್ಕಳು. ಇಲ್ಲಿ ನಗಬೇಕು ಎಂದು ನನಗೂ ತಿಳಿಯಿತು, ಅಷ್ಟೇ. ಅವಳ ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಆಗಿನಿಂದ ನಾನು ಅತ್ತಿರಲಿಲ್ಲ, ನಕ್ಕಿರಲಿಲ್ಲ. ಅನ್ನ ಬೇಯುತ್ತಿತ್ತು, ಬಟ್ಟೆ ಒಣಗುತ್ತಿತ್ತು.

ಮೊದಲು ಪ್ಲಗ್ ಬದಲಿಸಿ ನೋಡಿದೆ. ಆಮೇಲೆ ವೈರನ್ನು ಬಿಗಿಯಾಗಿ ಒತ್ತಿದೆ. ಫ್ರಿಜ್ಜಿನ ಜೊತೆ ಏನಾದರೂ ಜಗಳವೋ ಎಂದು ಅದನ್ನೂ ಆರಿಸಿ ನೋಡಿದೆ. ಹಾಲು ಒಡೆಯಿತು, ಕಂಪ್ಯೂಟರ್ ತನ್ನ ಪಾಡಿಗೆ ತಾನು ಆರಿತು. ಕೊನೆಗೆ ಬೇರೇನೂ ತೋಚದೆ, ಅದು ಆರುವ ಹೊತ್ತನ್ನು ಬರೆದಿಡತೊಡಗಿದೆ. ಕೈಗೆ ಸಿಕ್ಕಿದ್ದು ಜ್ವರದ ಪುಸ್ತಕ. ಮಗಳ ಅಪ್ಪ ಹಾಸಿಗೆ ಹಿಡಿದಿದ್ದ ನಾಲ್ಕು ತಿಂಗಳು ಅವರ ಮೈಬಿಸಿಯನ್ನು ಅದರಲ್ಲೇ ಬರೆದಿದ್ದೆ. ಬೆಳಿಗ್ಗೆ ಆರು, ನೂರೊಂದು. ಮಧ್ಯಾಹ್ನ ಎರಡು, ನೂರೆರಡು. ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು ಕಂಪ್ಯೂಟರಿನದು ಶುರು ಮಾಡಿದೆ.

ಗುರುವಾರ ಸಂಜೆಗೆ ಪುಟ ತುಂಬಿತ್ತು. ಬೆಳಿಗ್ಗೆ ಮೊದಲ ಸಲ ಹಾಕಿದರೆ ನಲವತ್ತು ನಿಮಿಷ ತಡೆಯುತ್ತಿತ್ತು. ಎರಡನೇ ಸಲ ಇಪ್ಪತ್ತು, ಮೂರನೇ ಸಲ ಒಂಬತ್ತು. ಊಟದ ಹೊತ್ತಿಗೆ ಒಂದು ಗಂಟೆ ಆರಿಸಿಟ್ಟರೆ ಮತ್ತೆ ನಲವತ್ತರ ಹತ್ತಿರ. ಹೀಗೆ ಏರಿ ಇಳಿಯುವುದನ್ನು ನಾನು ಮೊದಲೇ ಕಂಡಿದ್ದೆ. ಕಂಪ್ಯೂಟರಿನ ಡಬ್ಬಕ್ಕೆ ಹೊದಿಸಿದ್ದ ಬಟ್ಟೆಯೊಳಗೆ ಕೈ ಹಾಕಿ ಮುಟ್ಟಿದೆ. ಸುಡುತ್ತಿತ್ತು.

ಶುಕ್ರವಾರ ರಿಪೇರಿಯವರು ಬಂದರು. ಬೋಳುತಲೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. "ಇದನ್ನ ಬರೆದೋರು ಯಾರು? ನನ್ನ ಅರ್ಧ ಕೆಲಸ ಮಾಡಿಟ್ಟಿದ್ದೀರಲ್ಲ," ಎಂದು ಪುಟವನ್ನು ಹಿಂದಕ್ಕೆ ತಿರುವಿದರು. ಅಲ್ಲಿನ ಅಂಕಿಗಳನ್ನು ನೋಡಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟರು.

"ಈ ಬಟ್ಟೆ ಹೊದಿಸಿದ್ದು?"

"ನಾನೇ. ಧೂಳು ಕೂರಬಾರದು ಅಂತ ಹೋದ ತಿಂಗಳು ಹೊಲಿದೆ. ಸ್ವಿಚ್ಚಿಗೆ ಮುಂದೆ ತೂತು ಬಿಟ್ಟಿದ್ದೀನಿ."

"ಹೊಲಿಗೆ ಚೆನ್ನಾಗಿದೆ ಅಕ್ಕ. ಆದ್ರೆ ಜ್ವರ ಬಂದೋರಿಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚಿದ ಹಾಗಾಗಿದೆ."

"ಚಳಿ ಚಳಿ ಅಂತಿದ್ರೆ ಹೊದಿಸದೆ ಇನ್ನೇನು ಮಾಡೋದು," ಎಂದರು ಅತ್ತೆ, ಯಾರನ್ನೂ ನೋಡದೆ.

ರಿಪೇರಿಯವರು ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ಧೂಳು ಊದಿದರು. ಒಳಗಿನ ಸಣ್ಣ ಫ್ಯಾನನ್ನು ಬೆರಳಿಂದ ತಳ್ಳಿದರೂ ಎರಡು ಸುತ್ತಿಗೆ ನಿಲ್ಲುತ್ತಿತ್ತು. ಹೊಸದು ಸಿಗುವುದು ಸೋಮವಾರ. "ನಾಳೆ ಒಂದು ದಿನ ಮುಚ್ಚಳ ತೆಗೆದಿಟ್ಟು ಎದುರಿಗೆ ಟೇಬಲ್ ಫ್ಯಾನ್ ಹಾಕಿ, ಸಾಕು. ಮನೇಲಿ ಇದೆ ತಾನೆ?"

ಮಗಳು ನನ್ನ ಮುಖ ನೋಡಿದಳು. ಇತ್ತು. ನಾಲ್ಕು ತಿಂಗಳು ಅವರ ಹಾಸಿಗೆಯ ಪಕ್ಕ ತಿರುಗಿದ ಫ್ಯಾನು. ಅದರ ಸದ್ದು ಇನ್ನು ಕಿವಿಗೆ ಬೀಳುವುದೇ ಬೇಡವೆಂದು ಹಳೆಯ ಚಾದರ ಸುತ್ತಿ ಅಟ್ಟಕ್ಕೆ ಹಾಕಿದ್ದೆ.

"ಪಕ್ಕದ ಮನೆಯಲ್ಲಿ ಕೇಳ್ಲಾ ಅಮ್ಮ?"

"ನಮ್ಮದಿರುವಾಗ ಅವರನ್ನ ಯಾಕೆ ಕೇಳೋದು," ಎಂದು ಏಣಿ ತಂದೆ.

ಶನಿವಾರ ಹತ್ತಕ್ಕೆ ಮಗಳು ಬಾಗಿಲು ಹಾಕಿಕೊಂಡಳು. ನಾನು ಹೊರಗೆ ಗೋಡೆಗೆ ಒರಗಿ ಒಗೆದ ಬಟ್ಟೆ ಮಡಚುತ್ತ ಕೂತೆ. ಫ್ಯಾನಿನ ರೆಕ್ಕೆ ಜಾಲರಿಗೆ ತಾಗಿ ಟಕ್ ಟಕ್ ಎನ್ನುವುದು ಬಾಗಿಲಾಚೆಯಿಂದ ಕೇಳುತ್ತಿತ್ತು. ಆಗೆಲ್ಲ ಆ ಸದ್ದಿನ ನಡುವೆ ಅವರ ಉಸಿರನ್ನು ಹುಡುಕುತ್ತಿದ್ದೆ. ಈಗ 'ಟುಣ್' ಬರದಿರಲೆಂದು ಕಿವಿ ನಿಮಿರಿಸಿ ಕೂತಿದ್ದೆ. ನಲವತ್ತು ನಿಮಿಷವಾಯಿತು. ದಿಂಬಿನ ಚೀಲಗಳನ್ನು ಮಡಚಿದೆ. ಎಪ್ಪತ್ತಾಯಿತು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಅತ್ತೆ ಕೆಮ್ಮು ಬಂದರೂ ಬಾಯಿಗೆ ಕೈ ಒತ್ತಿಕೊಂಡು ತಡೆದರು.

ಹನ್ನೆರಡು ದಾಟಿದ ಮೇಲೆ ಬಾಗಿಲು ತೆರೆಯಿತು.

"ಒಂದ್ಸಲಾನೂ ಹೋಗ್ಲಿಲ್ಲ ಅಮ್ಮ," ಎಂದಳು. "ಮೂರು ಪ್ರಶ್ನೆ ಬಿಟ್ಟೆ. ಅದು ಮಾತ್ರ ಕಂಪ್ಯೂಟರ್ ತಪ್ಪಲ್ಲ."

"ಅದು ನಿಮ್ಮಮ್ಮನ ಕಡೆ ಬುದ್ಧಿ," ಎಂದ ಅತ್ತೆ, ತಡೆದಿಟ್ಟಿದ್ದ ಕೆಮ್ಮನ್ನೆಲ್ಲ ಕೆಮ್ಮಿ ಮುಗಿಸಿದರು.

ಮಗಳು ಕಂಪ್ಯೂಟರ್ ಆರಿಸಿ, ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಳು.

"ಅದಿರಲಿ," ಎಂದೆ. "ಇನ್ನೂ ಬಿಸಿ ಇರುತ್ತೆ. ತಿರುಗಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋಗಿ, ಗಾಳಿ ಮುಖಕ್ಕೆ ತಾಗುವ ಹಾಗೆ ನೆಲದ ಮೇಲೆ ಕೂತೆ.