ಹಾರೈಕೆಯ ಬಟ್ಟಲು

ಬಾಗಿಲಿನಾಚೆ ಸ್ಕ್ಯಾನಿಂಗ್ ಯಂತ್ರ ಬಡಿದುಕೊಳ್ಳುತ್ತಲೇ ಇತ್ತು. ಸೈರಾ ಗಂಡನ ಬಿಳಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸವರುತ್ತಿದ್ದಳು. ಪಕ್ಕದ ಕುರ್ಚಿ ಖಾಲಿಯಿತ್ತು. ಆದರೆ ಗಂಡಸಿನ ಟೋಪಿಯನ್ನು ಕಂಡಕಂಡಲ್ಲಿ ಇಡುವುದುಂಟೇ. ಸೊಸೆ ಬುರುಲ್ ಮಾವನ ಬೆಲ್ಟು, ಉಂಗುರ, ಗಡಿಯಾರಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಹಿಡಿದು ನಿಂತಿದ್ದಳು. ಮಗ ರಷ್ಯಾದಲ್ಲಿ ಕೆಲಸಕ್ಕಿದ್ದ. ಆಸ್ಪತ್ರೆಗೆ ಬರಲು ಈ ಹೆಂಗಸರಿಬ್ಬರೇ.

ಒಳಗೆ ಹೋಗುವಾಗ ಅವಳ ಗಂಡ ಎಸೆನ್ ಗೋಡೆ ಹಿಡಿದು, ಕಾಲು ಅಗಲಿಸಿಕೊಂಡು ನಡೆದಿದ್ದರು. ಕೈ ಹಿಡಿದ ನರ್ಸ್ ಹುಡುಗಿಗೆ, "ನಿನ್ನ ಮದುವೇಲಿ ನಾನೇ ಅಲ್ವೇನಮ್ಮಾ ತಮಾದಾ? ನಿಮ್ಮಪ್ಪ ನಂಗೆ ಕುದುರೆ ಕೊಟ್ಟಿದ್ದ" ಎಂದಿದ್ದರು. ತನಗಿನ್ನೂ ಮದುವೆಯೇ ಆಗಿಲ್ಲವೆಂದು ಹುಡುಗಿ ನಕ್ಕಳು. ತಮಾಷೆ ಮಾಡುತ್ತಾರೆ ಎಂದು ಸೈರಾಳೂ ನಕ್ಕಳು. ಬುರುಲ್‌ಗೆ ನಗು ಬರಲಿಲ್ಲ. ಮದುವೆಯೂಟದಲ್ಲಿ ಎದ್ದು ನಿಂತು, ಒಬ್ಬೊಬ್ಬ ನೆಂಟರನ್ನೂ ಹೆಸರು ಹಿಡಿದು ಕರೆದು, ಅವರ ಅಜ್ಜ ಮುತ್ತಜ್ಜಂದಿರನ್ನು ನೆನೆದು ಹಾರೈಸಲು ಇಡೀ ಓಶ್ ಪಟ್ಟಣದಲ್ಲಿ ಮಾವನಂಥ ತಮಾದಾ ಇನ್ನೊಬ್ಬರಿರಲಿಲ್ಲ. ಆ ಮಾವ ಈಗ ಸ್ವಂತ ಮೊಮ್ಮಗಳನ್ನು ಯಾರ ಮನೆಯ ಮಗು ಎಂದು ಕೇಳುತ್ತಿದ್ದರು. ಊಟ ಸೇರುತ್ತಿರಲಿಲ್ಲ. ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಕರೆದು ಪರದೆಯ ಮೇಲೆ ಮೆದುಳಿನ ಚಿತ್ರ ತೋರಿಸಿದರು. ಅಡ್ಡಕ್ಕೆ ಕೊಯ್ದ ಆಕ್ರೋಟದ ಹಾಗಿತ್ತು.

"ನೋಡಿ, ಇಲ್ಲಿ ನಡುವೆ, ಎರಡೂ ಪಕ್ಕ ಒಂದೇ ಥರ ಬೆಳ್ಳಗಿದೆ. ಬಹಳ ಕಾಲ ಕುಡಿದವರಲ್ಲಿ ಹೀಗಾಗುತ್ತೆ. ಬೇರೆ ಕಾಯಿಲೆಯಲ್ಲೂ ಆಗಬಹುದು. ಕುಡೀತಾರಾ?"

"ಇಲ್ಲ" ಎಂದಳು ಸೈರಾ. ಮನೆಯಲ್ಲಿ ಬಾಟಲಿಯೇ ಇಲ್ಲ, ಅಂಗಡಿ ಮುಂದೆ ಬಿದ್ದವರಲ್ಲ, ಒಬ್ಬರೇ ಕೂತು ಒಂದು ಹನಿ ಮುಟ್ಟಿದವರಲ್ಲ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಹಾಗಾದರೆ ಬೇರೆ ಕಾರಣ ಹುಡುಕಬೇಕು, ಬೆನ್ನಿನಿಂದ ನೀರು ತೆಗೆದು ನೋಡಬೇಕು, ರಾಜಧಾನಿಗೆ ಕಳಿಸಬೇಕಾದೀತು ಎಂದರು ಡಾಕ್ಟರಮ್ಮ. ಕುಡಿತದಿಂದಲೇ ಆಗಿದ್ದರೆ ಗ್ಲೂಕೋಸಿಗೂ ಮುಂಚೆ ಒಂದು ವಿಟಮಿನ್ನನ್ನು ಈಗಲೇ ರಕ್ತಕ್ಕೆ ಕೊಡುತ್ತಿದ್ದರಂತೆ. ತಡವಾದಷ್ಟೂ ಉಳಿದ ನೆನಪೂ ಹೋಗುತ್ತದೆ.

ಬುರುಲ್ ಕೈಯಲ್ಲಿನ ಗಂಟನ್ನು ಬಿಗಿಹಿಡಿದಳು. ಆ ಮನೆಗೆ ಬಂದಾಗಿನಿಂದ ಮಾವನ ಹೆಸರನ್ನು ಬಾಯಿಗೆ ತಂದವಳಲ್ಲ. ಅತ್ತೆಯ ಮಾತಿನ ಮೇಲೆ ಮಾತಾಡಿದವಳಲ್ಲ.

"ಅತ್ತೆ ಹೇಳಿದ್ದು ನಿಜ ಡಾಕ್ಟ್ರೇ. ಮನೇಲಿ ಕುಡಿಯಲ್ಲ. ಆದ್ರೆ ಮಾವ ತಮಾದಾ. ಒಂದೊಂದು ಹಾರೈಕೆಗೂ ಒಂದೊಂದು ಬಟ್ಟಲು ವೋಡ್ಕಾ ಮುಗಿಸ್ಬೇಕು. ಮದುವೆ ಇಲ್ಲದ ದಿನ ಬೆಳಗ್ಗೆ ಕೈ ನಡುಗುತ್ತೆ. ಚಹಾ ಕೊಡೋಳು ನಾನೇ, ದಿನಾ ನೋಡ್ತೀನಿ."

"ನಿನಗೆ ಯಾವಾಗ ಬಾಯಿ ಬಂತೇ?" ಸೈರಾ ತಿರುಗಿ ನೋಡಿದಳು. "ಅದು ಕುಡಿಯೋದಲ್ಲ, ಹಾರೈಸೋದು. ಬಟ್ಟಲಲ್ಲಿ ಉಳಿಸಿದ್ರೆ ಮದುಮಕ್ಕಳಿಗೆ ಒಳ್ಳೇದಾಗುತ್ತಾ?"

ಡಾಕ್ಟರಮ್ಮ ವಿಟಮಿನ್ ತರಿಸಲು ಆಗಲೇ ಫೋನು ಎತ್ತಿಕೊಂಡಿದ್ದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಸೈರಾ ಟೋಪಿಯನ್ನು ಕೈಯಲ್ಲಿ ತಿರುಗಿಸಿ ಹಿಡಿದಳು.

"ನಮ್ಮ ಮದುವೆಗೂ ಮುಂಚಿನಿಂದ."

ಮಧ್ಯಾಹ್ನ ವಾರ್ಡಿನಲ್ಲಿ ಎಸೆನ್‌ರ ತೋಳಿಗೆ ಹಳದಿ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು. ಅತ್ತೆ ಅಲ್ಲಿಂದಾಚೆಗೆ ಬುರುಲ್ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ಚಹಾದ ಬಟ್ಟಲನ್ನು ಅವಳ ಮುಂದೆ ಹಿಡಿದಳು. ಬುರುಲ್ ಫ್ಲಾಸ್ಕಿನಿಂದ, ಮನೆಯಲ್ಲಿ ಹಿರಿಯರಿಗೆ ಮರ್ಯಾದೆಯಿಂದ ಬಗ್ಗಿಸುವ ಹಾಗೆಯೇ, ಅರ್ಧ ಬಟ್ಟಲು ಚಹಾ ಬಗ್ಗಿಸಿದಳು.

ಬಟ್ಟಲು ಕೈಗೆ ಬಂದದ್ದೇ ಎಸೆನ್ ನೆಟ್ಟಗೆ ಕೂತರು. ಸೈರಾ ಅವರ ತಲೆಗೆ ಟೋಪಿ ಇಟ್ಟಳು. ಅವರು ಬಟ್ಟಲನ್ನು ಎದೆಯ ಮಟ್ಟಕ್ಕೆ ಎತ್ತಿ ಗಂಟಲು ಸರಿಮಾಡಿಕೊಂಡರು. ಆಚೀಚೆ ಹಾಸಿಗೆಯವರು ಮಾತು ನಿಲ್ಲಿಸಿ ಇತ್ತ ತಿರುಗಿದರು.

"ಇವತ್ತು ನಮಗೆ ಚಹಾ ಕೊಟ್ಟ ಈ ಮಗಳು..." ಎಂದು ಬುರುಲ್ ಮುಖ ನೋಡಿದರು. ನೋಡುತ್ತಲೇ ಇದ್ದರು.

ಹೆಸರು ಹೇಳಿಕೊಡಲೆಂದು ತುಟಿ ತೆರೆದ ಸೈರಾ ಹಾಗೇ ತಡೆದುಕೊಂಡಳು. ಬುರುಲ್ ಫ್ಲಾಸ್ಕು ಹಿಡಿದು ಕಾದಳು. ಎತ್ತಿದ ಕೈ ಇಳಿಯಲಿಲ್ಲ. ಬಟ್ಟಲಿನ ಮೇಲಿನ ಹಬೆ ತೆಳ್ಳಗಾಗುತ್ತ ಬಂತು.