ಇಬ್ಬರಿಗೊಂದು ಮಾನಿಟರ್

ನಮ್ಮ ಮನೆಯ ಹಳೆಯ ಮಾನಿಟರ್ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತಿತ್ತು. ಸಿನಿಮಾ ನೋಡುವವರಿಗೆ ಅದು ಧಾರಾಳವಾಯಿತು. ತಂಗಿ ಕಂಪ್ಯೂಟರಿನಲ್ಲಿ ಆಡುವ ಗುಂಡಿನ ಕಾಳಗದ ಆಟಕ್ಕೆ ಮಾತ್ರ ಸಾಲದು. ಎದುರಾಳಿ ಗೋಡೆಯ ಮರೆಯಿಂದ ಹೊರಬರುವುದಕ್ಕೂ ಪರದೆಯ ಮೇಲೆ ಕಾಣಿಸಿಕೊಳ್ಳುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟು ತಡವಿರುತ್ತದೆ. ಅವಳು ಸೋಲುತ್ತಿದ್ದದ್ದೆಲ್ಲ ಆ ಕೂದಲೆಳೆಯಲ್ಲಿ.

ನಾವಿಬ್ಬರು ಆಡುವ ರೀತಿಯೇ ಬೇರೆಯಾಗಿತ್ತು. ಕಂಪ್ಯೂಟರ್ ಒಂದೇ, ಮೌಸ್ ಅವಳ ಕೈಯಲ್ಲಿ. ನಾನು ಅಡುಗೆಮನೆಯ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು, ಆಟದೊಳಗಿನ ಹೆಜ್ಜೆ ಸಪ್ಪಳ ಕೇಳುತ್ತಿದ್ದೆ. ಎಡಗಡೆ ಮೆಟ್ಟಿಲ ಮೇಲೆ ಒಬ್ಬ, ಬಾಗಿಲ ಹಿಂದೆ ಇಬ್ಬರು, ಹೀಗೆ. ಸಪ್ಪಳ ಇರುವಾಗ ಯಾರು ಬೇಕಾದರೂ ಹೇಳಿಯಾರು. ಸಪ್ಪಳ ನಿಂತ ಮೇಲೆ ಎದುರಾಳಿ ಎಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾನೆಂಬುದು ನನಗೆ ತಿಳಿಯುತ್ತಿತ್ತು. ಅದಕ್ಕೇ ಅವಳು ನನಗೆ ‘ಕಿವಿ’ ಎಂದು ಹೆಸರಿಟ್ಟಿದ್ದಳು. ಪದವಿ ಮುಗಿಸಿ ಔಷಧಿ ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲಿನ ಬ್ಯಾಚ್ ನಂಬರ್ ತಾಳೆ ನೋಡುವ ನನಗೆ, ದಿನದಲ್ಲಿ ಯಾರಾದರೂ ನನ್ನ ಮಾತಿಗೆ ಕಾಯುವುದು ಆ ಸ್ಟೂಲಿನ ಮೇಲೆ ಮಾತ್ರ.

ಮನೆಯಿಂದಲೇ ಆಡುವ ಆನ್‌ಲೈನ್ ಸ್ಪರ್ಧೆಗೆ ಆ ವರ್ಷ ಹೊಸ ನಿಯಮ ಬಂದಿತ್ತು. ಆಡುವವರು ಒಬ್ಬರು, ಕಿವಿಯಲ್ಲಿ ಸಲಹೆ ಹೇಳುವ ಜೊತೆಗಾರ ಒಬ್ಬರು. ನಮ್ಮನ್ನು ನೋಡಿಯೇ ಮಾಡಿದ ಹಾಗಿದೆ ಎಂದು ತಂಗಿ ನಕ್ಕಿದ್ದಳು. ಅಂದಿನಿಂದ ಮಾನಿಟರ್ ಹುಡುಕಾಟ ಶುರುವಾಯಿತು. ಅವಳ ಸಂಬಳದಲ್ಲಿ ಅರ್ಧ, ನನ್ನದರಲ್ಲಿ ಅರ್ಧ. ಅದಕ್ಕಿಂತ ಒಂದು ಕಾಸೂ ಮೇಲೆ ಹೋಗುವ ಹಾಗಿರಲಿಲ್ಲ.

ಎರಡು ತಿಂಗಳು ನಾನು ಅದರಲ್ಲೇ ಮುಳುಗಿದ್ದೆ. ದೊಡ್ಡದೂ ಬಾಗಿದ ಪರದೆಯದೂ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅಂಥವುಗಳಲ್ಲಿ ಕತ್ತಲ ದೃಶ್ಯ ಸರಿದಾಗ ಹಿಂದೆ ಮಸಿ ಎಳೆದಂತೆ ಕರಿ ನೆರಳು ಉಳಿಯುತ್ತದೆ. ಬಣ್ಣ ಚೆನ್ನಾಗಿರುವುದು ನಿಧಾನ. ವೇಗವಾಗಿರುವುದರ ಕಾಲು ಗಟ್ಟಿಯಿಲ್ಲ, ಮೇಜು ಅಲುಗಿದರೆ ತಾನೂ ಅಲುಗುತ್ತದೆ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಜನ ಬರೆದ ದೂರುಗಳನ್ನೆಲ್ಲ ಓದಿದೆ. ಈ ಮನೆ ಬಾಡಿಗೆಗೆ ಹಿಡಿಯುವಾಗಲೂ ಇವನು ಇಷ್ಟು ವಿಚಾರಿಸಲಿಲ್ಲ, ಸೋರುವ ನಲ್ಲಿ ನನ್ನ ಪಾಲಿಗೆ ಬಂತು ಎಂದು ಅಮ್ಮ ಹಂಗಿಸಿದಳು. ಕೊನೆಗೆ ಎರಡು ಉಳಿದವು: ಬಾಗಿದ ಒಂದು, ಸಪಾಟಾದ ಇಪ್ಪತ್ತನಾಲ್ಕು ಇಂಚಿನ ಇನ್ನೊಂದು. ಎರಡೂ ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ಚಿತ್ರ ಬದಲಿಸುವಂಥವು. ಕಣ್ಣಾರೆ ನೋಡಿ ತೀರ್ಮಾನಿಸೋಣ ಎಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋದೆವು.

ಅಂಗಡಿಯವನು ಮಾತುಗಾರ. ಎರಡನ್ನೂ ಒಂದೇ ಕಂಪ್ಯೂಟರಿಗೆ ಸಿಕ್ಕಿಸಿ, ನಿಮ್ಮ ಆಟವನ್ನೇ ಹಾಕಿ ನೋಡಿ, ಆಮೇಲೆ ನನ್ನನ್ನು ಬೈಯಬಾರದು ಎಂದ. ತಂಗಿ ತನ್ನ ಖಾತೆ ತೆರೆದು ಆಟದ ಕತ್ತಲ ಓಣಿಯೊಂದಕ್ಕೆ ಹೋದಳು. ಅಲ್ಲಿ ಹಿಂದೆ ಮುಂದೆ ಓಡಲು ಹೇಳಿ, ನಾನು ಸಪಾಟು ಪರದೆಯ ಮೂಲೆಗೆ ಮುಖ ಒಡ್ಡಿ ಕರಿ ನೆರಳು ಉಳಿಯುತ್ತದೆಯೇ ಎಂದು ನೋಡುತ್ತಿದ್ದೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ.

ಅದೇ ಮೂಲೆಯಲ್ಲಿ ಸಂದೇಶವೊಂದು ಮೂಡಿತು. ಆಟದಲ್ಲಿ ‘ಮಿಂಚುಳ್ಳಿ’ ಎಂದು ಕರೆದುಕೊಳ್ಳುವ ಒಬ್ಬನಿದ್ದ. ಹೋದ ವರ್ಷ ಸ್ಪರ್ಧೆ ಗೆದ್ದವನು. ಬರೆದಿದ್ದವನು ಅವನೇ: ‘ನೋಂದಣಿ ಆಯ್ತು. ಜೊತೆಗಾರನ ಜಾಗದಲ್ಲಿ ನನ್ನ ಹೆಸರು ಹಾಕಿದ್ದೀನಿ. ನಿಮ್ಮಣ್ಣಂಗೆ ಹೇಳಿದ್ಯಾ?’

ಹೆಜ್ಜೆ ಸಪ್ಪಳ ನಿಂತಿತು. ಅವಳ ಬೆರಳು ಗುಂಡಿಯ ಮೇಲೇ ಇತ್ತು, ಒತ್ತುತ್ತಿರಲಿಲ್ಲ. ಬೇರೆಯವರ ಖಾತೆಯಲ್ಲಿ ಪರೀಕ್ಷಿಸಬಹುದಿತ್ತು. ತನ್ನದನ್ನು ತೆರೆದರೆ ತನ್ನ ಸಂದೇಶಗಳೂ ಬರುತ್ತವೆಂಬುದು ಅವಳಿಗೆ ಹೊಳೆದಿರಲಿಲ್ಲ.

“ಅಕ್ಷರ ಎಷ್ಟು ಚೂಪಾಗಿ ಕಾಣ್ತಿದೆ ನೋಡಿ ಸಾರ್,” ಎಂದ ಅಂಗಡಿಯವನು.

ಹೌದು, ಚೂಪಾಗಿಯೇ ಇತ್ತು.

ಕೇಳದೆ ನಿಂತರೆ ಎದುರಿನವರು ತಾವಾಗಿ ಹೇಳುತ್ತಾರೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಮಾನಿಟರ್ ತಗೊಂಡ್ಮೇಲೆ ಹೇಳೋಣ ಅಂತಿದ್ದೆ ಅಣ್ಣ.”

ಆ ಮಾತಿನ ಅರ್ಥ ಅವಳಿಗೇ ಆಮೇಲೆ ತಿಳಿಯಿತೇನೋ, ಕಿವಿ ಕೆಂಪಾಯಿತು. ನಿನ್ನ ದುಡ್ಡು ವಾಪಸ್ ಕೊಡುತ್ತೇನೆ, ತಿಂಗಳು ತಿಂಗಳು ಇಷ್ಟಿಷ್ಟೇ, ಎಂದು ತಗ್ಗಿದ ದನಿಯಲ್ಲಿ ಏನೇನೋ ಹೇಳಿದಳು. ದುಡ್ಡಿನ ಮಾತು ಎಲ್ಲಿ ಬಂತು?

“ಯಾಕೆ ಅಂತಾದ್ರೂ ಹೇಳು.”

“ನೀನು ತಪ್ಪು ಹೇಳಲ್ಲ. ಆದ್ರೆ ಯೋಚನೆ ಮಾಡಿ ಹೇಳ್ತೀಯ. ಅಷ್ಟರಲ್ಲಿ ನಾನು ಸತ್ತಿರ್ತೀನಿ.”

ಎರಡು ತಿಂಗಳು ನಾನು ಕೂದಲೆಳೆಯಷ್ಟು ತಡವನ್ನು ಮಾನಿಟರಿನಲ್ಲಿ ಹುಡುಕುತ್ತಿದ್ದೆ. ಅವಳು ಅದನ್ನು ಪಕ್ಕದ ಸ್ಟೂಲಿನಲ್ಲಿ ಕಂಡುಕೊಂಡಿದ್ದಳು. ಕಂಡುಕೊಂಡ ಮೇಲೂ ದಿನಾ ಸಂಜೆ ನನ್ನ ಎದುರು ಕೂತು, ಬಾಗಿದ್ದೋ ಸಪಾಟೋ ಎಂದು ಚರ್ಚೆ ಮಾಡಿದ್ದಳು. ನನ್ನ ಪಟ್ಟಿಗೆ ತಲೆಯಾಡಿಸಿದ್ದಳು. ಸಪ್ಪಳವಿಲ್ಲದ ಕಡೆ ಯಾರು ನಿಂತಿದ್ದಾರೆಂದು ಹೇಳಬಲ್ಲವನು ನಾನು. ನನ್ನ ಮೊಣಕೈಗೆ ಮೊಣಕೈ ತಾಗುವ ಕಡೆ ಏನಿದೆಯೆಂದು ನನಗೆ ಕೇಳಿಸಿರಲಿಲ್ಲ.

ಸಪಾಟಾದದ್ದನ್ನೇ ಕಟ್ಟಿಕೊಡಲು ಹೇಳಿದೆ. ಯಾಕೆಂದು ಈಗಲೂ ಗೊತ್ತಿಲ್ಲ. ದೊಡ್ಡ ಮನಸ್ಸು ಮಾಡಿದೆನೆಂದು ಅವಳಿಗೆ ಅನ್ನಿಸಿತು; ದಾರಿಯುದ್ದಕ್ಕೂ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಮೂಗು ಎಳೆದುಕೊಳ್ಳುತ್ತ ನಡೆದಳು. ಒಂದು ಸಲ ನಿಂತು ಹೇಳಿದಳು, “ಬೈದುಬಿಡು ಅಣ್ಣ, ಅದೇ ವಾಸಿ.” ನಾನು ಪೆಟ್ಟಿಗೆ ಜಾರುತ್ತಿದೆ, ಸರಿಯಾಗಿ ಹಿಡಿ ಎಂದೆ.

ಮನೆಯಲ್ಲಿ ಅದನ್ನು ಜೋಡಿಸಿದವನೂ ನಾನೇ. ಎಂದಿನಂತೆ ಅವಳು ಮಂಚದ ಮೇಲೆ ಕೂತು ಕಾಯುತ್ತಿದ್ದಳು. ತಂತಿ, ಸೆಟ್ಟಿಂಗ್ ಇವೆಲ್ಲ ಅವಳಿಗೆ ತಲೆನೋವು. ಹೊಸ ಮಾನಿಟರ್ ಎಷ್ಟೇ ವೇಗದ್ದಾಗಿರಲಿ, ಕೆಲವು ಸಲ ಕಂಪ್ಯೂಟರ್ ಅದನ್ನು ಹಳೆಯದರ ಹಾಗೇ ಅರವತ್ತರಲ್ಲಿ ಓಡಿಸುತ್ತದೆ. ಸೆಟ್ಟಿಂಗ್‌ನೊಳಗೆ ಹೋಗಿ ನಾವೇ ನೂರ ನಲವತ್ತನಾಲ್ಕಕ್ಕೆ ಬದಲಿಸಬೇಕು. ಗೊತ್ತಿಲ್ಲದವರು ವರ್ಷಗಟ್ಟಲೆ ಹಾಗೇ ಬಳಸುತ್ತಾರೆ. ಆ ಪಟ್ಟಿ ತೆರೆದೆ. ಅರವತ್ತು ಎಂದಿತ್ತು. ಅದರ ಕೆಳಗೆ ನೂರ ನಲವತ್ತನಾಲ್ಕು.

ಬದಲಿಸದೆ ಹಾಗೇ ಮುಚ್ಚಿದೆ.

“ಆಯ್ತಾ?” ಎಂದಳು.

“ಆಯ್ತು.”

ಆಡಿ ನೋಡಿದಳು. ಅಂಥ ವ್ಯತ್ಯಾಸ ಗೊತ್ತಾಗುತ್ತಿಲ್ಲ ಎಂದು ಮೆಲ್ಲಗೆ ಹೇಳಿ, ಕಣ್ಣಿಗೆ ಒಗ್ಗಬೇಕೇನೋ ಎಂದು ತಾನೇ ಸಮಾಧಾನ ಮಾಡಿಕೊಂಡಳು. ಸ್ಪರ್ಧೆಗೆ ಆರು ದಿನವಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವಳು ಮಿಂಚುಳ್ಳಿಯ ಜೊತೆ ಅಭ್ಯಾಸಕ್ಕೆ ಕೂತು, ಅವನು ಹೇಳಿದ್ದಕ್ಕೆ ನಕ್ಕಳು. ಹೇಳಲಿಲ್ಲ. ನಾಲ್ಕನೆಯ ದಿನ ಸ್ಟೂಲು ಅಡುಗೆಮನೆಗೆ ಹಿಂತಿರುಗಿತ್ತು. ಅಮ್ಮ ಅದರ ಮೇಲೆ ಪಾತ್ರೆ ಕವುಚಿದ್ದಳು. ಆಗಲೂ ಹೇಳಲಿಲ್ಲ.

ಸ್ಪರ್ಧೆಯ ಮಧ್ಯಾಹ್ನ ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ಮೂರು ಸುತ್ತು, ಒಂದು ಸೋತಳು, ಒಂದು ಗೆದ್ದಳು. ಮೂರನೆಯದಕ್ಕೆ ಮುಂಚೆ ಐದು ನಿಮಿಷ ಬಿಡುವು. ಹೆಡ್‌ಫೋನಿನ ಆ ಕಡೆ ಮಿಂಚುಳ್ಳಿ ಏನೋ ಕೇಳಿದನೆಂದು ಕಾಣುತ್ತದೆ. ಅವಳ ಉತ್ತರ ಮಾತ್ರ ನನಗೆ ಕೇಳಿಸಿತು.

“ಅರವತ್ತರಲ್ಲಾ? ಇಲ್ಲಪ್ಪ, ಅದನ್ನೆಲ್ಲ ಅಣ್ಣ ನೋಡಿದ್ದಾನೆ.”

ಅವನು ಬಿಡಲಿಲ್ಲವೇನೋ. ಅವಳ ದನಿ ಗಡುಸಾಯಿತು.

“ನಾನು ತೆಗ್ದು ನೋಡಲ್ಲ. ಅವನು ಆಯ್ತು ಅಂದ್ರೆ ಆಯ್ತು. ನಿಂಗೆ ಅವನು ಗೊತ್ತಿಲ್ಲ.”

ಆಮೇಲೆ ಒಳಗಿನಿಂದ ಸಪ್ಪಳ ಬರಲಿಲ್ಲ. ಆ ಮೌನದಲ್ಲಿ ಅವಳು ಎಲ್ಲಿ ನಿಂತಿದ್ದಳೆಂಬುದು ನನಗೆ ಸ್ಪಷ್ಟವಾಗಿತ್ತು. ನನ್ನ ಪರವಾಗಿ, ನನ್ನನ್ನು ನಂಬಿ ನನ್ನ ಕಡೆ ಬೆನ್ನು ತಿರುಗಿಸಿಕೊಂಡು.

ಬಾಗಿಲು ತಳ್ಳಿದೆ. ಕೊನೆಯ ಸುತ್ತಿಗೆ ಎರಡು ನಿಮಿಷವಿತ್ತು. ಬದಲಿಸಲು ಅರ್ಧ ನಿಮಿಷ ಸಾಕು. ಬದಲಿಸಿದರೆ ಅದು ಇಷ್ಟು ದಿನ ಎಷ್ಟರಲ್ಲಿತ್ತೆಂದು ಅವಳಿಗೆ ತಿಳಿಯುತ್ತದೆ. ಅವಳು ಹೆಡ್‌ಫೋನಿನ ಒಂದು ಬದಿ ಎತ್ತಿ ನನ್ನ ಕಡೆ ತಿರುಗಿದಳು. ಹಣೆ ಬೆವೆತಿತ್ತು.

“ಏನಣ್ಣ?”

“ನೀರು ಬೇಕಾ?”

“ಬೇಡ,” ಎಂದಳು. “ಬಾಗ್ಲು ಎಳ್ಕೊಂಡು ಹೋಗು.”