ಫ್ರಿಜ್ ರಿಪೇರಿಯವರ ಜೆಟ್ ಸ್ಕೀ

ನಮ್ಮ ಯಜಮಾನರು ಫ್ರಿಜ್ ರಿಪೇರಿ ಮಾಡುವವರು. ಆ ಕೆಲಸದಲ್ಲಿ ಎತ್ತಿದ ಕೈ, ಇಲ್ಲವೆನ್ನಲಾರೆ. ತೊಂದರೆ ಇಷ್ಟೇ, ಅವರ ಕಣ್ಣಿಗೆ ಜಗತ್ತಿನಲ್ಲಿರುವುದೆಲ್ಲ ಫ್ರಿಜ್ಜೇ. ಮಿಕ್ಸಿ ಕೆಟ್ಟರೂ ಗ್ಯಾಸ್ ಹೋಗಿರಬೇಕು ಅನ್ನುತ್ತಾರೆ. ಅಂಥವರು ಒಂದು ದಿನ ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ ಎಳೆದುಕೊಂಡು ಬಂದರು.

"ನೀರಿನ ಮೇಲೆ ಓಡೋ ಸ್ಕೂಟರ್ ಇದ್ದ ಹಾಗೆ ಅಮ್ಮಾ" ಎಂದು ಅತ್ತೆಗೆ ವಿವರಿಸಿದರು. ಅದನ್ನು ಮಾರಿದವನು ಎಷ್ಟೋ ವರ್ಷ ಬಿಸಿಲಿಗೆ ಬಿಟ್ಟು ಮರೆತೇಬಿಟ್ಟಿದ್ದ. ಸೀಟು ಹರಿದಿತ್ತು. ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಅಂಟಾಗಿತ್ತು. ಏರ್ ಫಿಲ್ಟರಿನೊಳಗೆ ಇಲಿ ಸಂಸಾರ ಹೂಡಿತ್ತು. ಅತ್ತೆ ಮಾತ್ರ, "ನನ್ನ ಮಗ ಮುಟ್ಟಿದ್ರೆ ಓಡುತ್ತೆ ಬಿಡು" ಎಂದರು. ಮಗನ ವಿಷಯದಲ್ಲಿ ಅವರ ಬಾಯಿಂದ ಬೇರೆ ಮಾತು ಬಂದದ್ದನ್ನು ನಾನಂತೂ ಕೇಳಿಲ್ಲ.

ಓಡಲಿ, ಬಿಡಲಿ, ನನಗೇನು? ಆದರೆ ಅದು ಬಂದು ಕೂತದ್ದು ಯಜಮಾನರು ನನ್ನ ಹೊಲಿಗೆಗೆ ಕೊಡುತ್ತೇನೆ ಎಂದಿದ್ದ ಶೆಡ್ಡಿನಲ್ಲಿ. ನಾನು ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಲಿಯುವವಳು. ಮದುವೆಯಾದಾಗಿನಿಂದ ಹಾಲಿನ ಮೂಲೆಯಲ್ಲಿ, ಅತ್ತೆಯ ಟೀವಿಗೆ ಅಡ್ಡ ಬರದ ಹಾಗೆ ಮುದುಡಿಕೊಂಡು ಹೊಲಿಯುತ್ತಿದ್ದೇನೆ. ಈಗ ಹಳೆಯ ಸಿನಿಮಾ ಮಂದಿರವೊಂದರ ಕುರ್ಚಿಗಳನ್ನೆಲ್ಲ ಹೊಸದಾಗಿ ಹೊಲಿದುಕೊಡುವ ಕೆಲಸ ಸಿಕ್ಕಿತ್ತು. ಸೋಮವಾರ ಲಾರಿ ಬರುತ್ತದೆ. ಇಳಿಸಲು ಜಾಗ ಇಲ್ಲವೆಂದರೆ ಹಾಗೇ ಬೇರೆಯವರ ಮನೆಗೆ ಹೋಗುತ್ತದೆ. ಅಷ್ಟು ದೊಡ್ಡ ಕೆಲಸ ನನ್ನ ಬಾಗಿಲಿಗೆ ಇನ್ನೊಮ್ಮೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಜಗಳ ಬಿಸಿಯೇರಿದಾಗ ಯಜಮಾನರು ತೀರ್ಪು ಕೊಟ್ಟರು. "ಭಾನುವಾರ ಇದನ್ನ ಕೆರೇಲಿ ಓಡಿಸ್ತೀನಿ. ಓಡಿದ್ರೆ ಶೆಡ್ ನಂದು. ಓಡ್ಲಿಲ್ಲ ಅಂದ್ರೆ ನಿಂದು, ಆಯ್ತಾ?"

ಅಲ್ಲಿಂದ ಶುರುವಾಯಿತು. ಕಾರ್ಬುರೇಟರ್ ತಿಕ್ಕಲು ಬ್ರಶ್ ಬೇಕಾಯಿತು, ನನ್ನ ಹಲ್ಲುಜ್ಜುವ ಬ್ರಶ್ಶೇ ಸಿಕ್ಕಿತು. ಬೋಲ್ಟುಗಳೆಲ್ಲ ಅನ್ನದ ತಟ್ಟೆಗೆ ಬಂದು ಬಿದ್ದವು. ಸೀಟು ಹೊಲಿದುಕೊಡು ಎಂದು ಅದನ್ನೂ ನನ್ನ ತಲೆಗೇ ಕಟ್ಟಿದರು. ಸೋಲಲಿ ಎಂದು ಹಾರೈಸುತ್ತಲೇ ಹೊಲಿದೆ. ಆದರೆ ಹೊಲಿಗೆಯಲ್ಲಿ ಮೋಸ ಮಾಡಲು ಕೈ ಬರಲಿಲ್ಲ. ನೀರು ಇಳಿಯದ ಹಾಗೆ ಅಂಚಿಗೆ ಎರಡೆರಡು ಸಲ ಹೊಲಿಗೆ ಹಾಕಿದೆ.

ಶನಿವಾರ ಎಂಜಿನ್ ಕೆಮ್ಮಿತು, ಉಗುಳಿತು, ಅಂಗಳ ತುಂಬ ಹೊಗೆ ಬಿಟ್ಟು ಕೊನೆಗೂ ಗುಡುಗಿತು. ಯಜಮಾನರ ಕಾಲು ನೆಲದ ಮೇಲಿರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಗಾಡಿಯ ಹೊಟ್ಟೆಯೊಳಗೆ ತೇಲಲೆಂದು ತುಂಬಿದ್ದ ನೊರೆಯಂಥ ಹಗುರದ ತುಂಡುಗಳನ್ನೆಲ್ಲ ಕಿತ್ತು ಹೊರಗೆಸೆದರು. "ಇದರೊಳಗೇನು ಐಸ್ ಇಡಬೇಕಾ? ಥರ್ಮೋಕೋಲ್ ಯಾಕೆ, ದಂಡದ ಭಾರ!" ಆಮೇಲೆ ಹಿಂಭಾಗದ ಎರಡು ಬಿರಡೆಗಳನ್ನು ತಿರುಗಿಸಿ ತೆಗೆದರು. "ಯಾವ ದಡ್ಡ ಮುಚ್ಚಿದ್ದಾನೋ! ನೀರು ಹೋಗೋ ತೂತು ಯಾವತ್ತೂ ತೆರೆದಿರಬೇಕು."

"ರೀ, ಅದು ಫ್ರಿಜ್ಜಲ್ಲ. ನೀರು ಹೋಗೋ ತೂತಲ್ಲೇ ಒಳಗೂ ಬರುತ್ತೆ."

"ಡ್ರೇನ್ ವಿಷ್ಯ ನನಗೆ ಹೇಳ್ಕೊಡ್ತೀಯಾ?"

ಬಿರಡೆಗಳು ಕಸದ ಬುಟ್ಟಿಗೆ ಹೋದವು. ನಾನು ಎತ್ತಿ ಗುಂಡಿ ಡಬ್ಬಿಯಲ್ಲಿಟ್ಟೆ.

ಭಾನುವಾರ ಕೆರೆಯ ದಡದಲ್ಲಿ ಅವರ ಗೆಳೆಯರ ಹಿಂಡೇ ನೆರೆದಿತ್ತು. ಅತ್ತೆ ಮಡಚುವ ಕುರ್ಚಿಯಲ್ಲಿ ವಿರಾಜಮಾನರಾಗಿದ್ದರು. ಶೆಡ್ ಬೇಕೆಂಬ ಆಸೆ ಎಷ್ಟೇ ಇದ್ದರೂ ಗಂಡ ಮುಳುಗಲಿ ಎನ್ನುವಷ್ಟು ಕೆಟ್ಟವಳಲ್ಲ ನಾನು. ಅವರ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ನಾನೇ ಬಿಗಿದು, ಬಿರಡೆಗಳನ್ನು ಕೈಗಿತ್ತು, "ಹಾಕ್ಕೊಳ್ಳಿ ರೀ" ಎಂದೆ.

ಗೆಳೆಯರು ಕಿಸಕ್ಕೆಂದರು. ಅಷ್ಟು ಸಾಕಾಯಿತು. ಯಜಮಾನರು ಎರಡನ್ನೂ ಕೆರೆಗೆ ಬೀಸಿ ಎಸೆದು, ಮೀಸೆ ತಿರುವಿ ಹತ್ತಿ ಕೂತರು.

ಓಡಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಓಡಿತು. ನೀರನ್ನು ಸೀಳಿಕೊಂಡು ಸುತ್ತು ಹೊಡೆಯಿತು. ಗೆಳೆಯರು ಶಿಳ್ಳೆ ಹಾಕಿದರು, ಅತ್ತೆ ನನ್ನ ಕಡೆ ತಿರುಗಿ ನೋಡಿದರು. ನನಗೆ ಅಳು ಬಂತು. ಲಾರಿ ತುಂಬ ಕುರ್ಚಿಗಳು ನನ್ನ ಬಾಗಿಲಿಂದ ಹಿಂತಿರುಗುವುದು ಕಣ್ಣಿಗೆ ಕಟ್ಟಿತು.

ಓಡುತ್ತಿರುವವರೆಗೆ ಒಳಗೆ ಬಂದ ನೀರು ಹೊರಗೆ ಹೋಗುತ್ತಿತ್ತೋ ಏನೋ. ಹಾಗೇ ದಡಕ್ಕೆ ಬಂದಿದ್ದರೆ ಗೆಲುವು ಅವರದೇ. ಆದರೆ ಹೊಗಳಿಕೆ ಕೇಳದೆ ಬಂದರೆ ಅವರು ನಮ್ಮ ಯಜಮಾನರೇ ಅಲ್ಲ. ಕೆರೆಯ ನಡುವೆ ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈ ಮೇಲೆತ್ತಿ, "ಏನಂತೀಯಾ ಈಗ?" ಎಂದು ಕೂಗಿದರು.

ಅಷ್ಟರಲ್ಲಿ ಗಾಡಿಯ ಹಿಂಭಾಗ ಮೆಲ್ಲಗೆ ಕುಸಿಯತೊಡಗಿತ್ತು. ಅವರು ಗುಂಡಿ ಒತ್ತಿದರು, ಮತ್ತೆ ಒತ್ತಿದರು, ಬೈದರು. ಮೂತಿ ಆಕಾಶ ನೋಡಿತು. ಆಮೇಲೆ ಗುಳಗುಳ ಸದ್ದು, ಆಮೇಲೆ ಜಾಕೆಟ್ಟಿನಲ್ಲಿ ತೇಲುತ್ತಿರುವ ಯಜಮಾನರು. ಗೆಳೆಯರೆಲ್ಲರಿಗೂ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು.

ದೋಣಿಯವನು ಎಳೆದು ತಂದಾಗ ಗಡಗಡ ನಡುಗುತ್ತಲೇ, "ಓಡ್ತು ತಾನೆ? ಮಾತು ಅಂದ್ರೆ ಮಾತು. ಶೆಡ್ ನಂದೇ" ಎಂದರು.

"ನಿಮ್ದೇ ರೀ. ಯಾರು ಇಲ್ಲ ಅಂದ್ರು? ಅದರಲ್ಲಿ ಏನಿಡ್ತೀರಾ?"

ಅವರು ಕೆರೆಯ ಕಡೆ ನೋಡಿದರು. ನೀರು ತಣ್ಣಗೆ ಮಲಗಿತ್ತು.

ಅತ್ತೆ ಕುರ್ಚಿ ಮಡಚಿ ಎದ್ದರು. "ಆ ಸಿನಿಮಾ ಕುರ್ಚಿಗಳು ನನ್ನ ಟೀವಿ ಮುಂದೆ ಬಂದ್ರೆ ನಾನು ಸುಮ್ನಿರಲ್ಲ. ಬೀಗದ ಕೈ ಅವಳಿಗೆ ಕೊಡೋ" ಎಂದರು.

ಸೋಮವಾರ ಲಾರಿ ಶೆಡ್ಡಿನ ಮುಂದೆಯೇ ನಿಂತಿತು. ಕುರ್ಚಿ ಇಳಿಸಲು ಯಜಮಾನರೂ ಕೈ ಹಾಕಿದರು. ಮುಳುಗುವಾಗ ಕಳಚಿಕೊಂಡ ಸೀಟೊಂದೇ ತೇಲಿ ದಡ ಸೇರಿತ್ತು. ಈಗ ಮೆಷಿನ್ ಮುಂದೆ ನಾನು ಕೂರುವುದು ಅದರ ಮೇಲೆಯೇ. ಹೊಲಿಗೆ ಬಿಚ್ಚಿ ನೋಡಿದ್ದೆ, ಒಳಗೆ ಒಂದು ಹನಿ ನೀರೂ ಇಳಿದಿರಲಿಲ್ಲ.